100 ಗ್ರಾಂ ಕೊತ್ತಂಬರಿ ಸೊಪ್ಪು ತಿನ್ನೋರು ಯಾರು ಸ್ವಾಮಿ?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರಿನ ಆರೋಗ್ಯ ಪುಟದಲ್ಲಿ ಕೊತ್ತಂಬರಿ ಸೊಪ್ಪಿಗೂ ಕ್ಯಾರೆಟ್ಟಿಗೂ ಹೋಲಿಕೆ ಮಾಡಿ ಒಂದು ಬರಹ ಹಾಕಿದ್ರಿ, ಜೊತೆಗೊಂದು ಟೇಬಲ್ಲು, ಟೇಬಲ್ಲಿನ ಕೆಳಗೆ ತೀರ್ಪು ಬೇರೆ, ಕೊತ್ತಂಬರಿ ಸೊಪ್ಪು ಕ್ಯಾರೆಟ್ಟಿಗಿಂತ ಎಷ್ಟೋ ಪಟ್ಟು ಪೌಷ್ಟಿಕ, ಹಾಗಾಗಿ ಕ್ಯಾರೆಟ್ ಬಿಟ್ಟು ಸೊಪ್ಪಿನ ಕಡೆ ತಿರುಗಿ ಅಂತ. ಅದನ್ನ ಓದಿ ಸುಮ್ನಿರೋಕೆ ಆಗ್ಲಿಲ್ಲ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಇದೆ, ಜಾಗ ಸಾಲದಿದ್ರೆ ಕತ್ತರಿ ಹಾಕ್ಕೊಳಿ, ಆದ್ರೆ ಲೆಕ್ಕ ಇರೋ ಭಾಗಕ್ಕೆ ಮಾತ್ರ ದಯವಿಟ್ಟು ಕೈ ಹಾಕ್ಬೇಡಿ.

ಮೊದಲೇ ಹೇಳ್ಬಿಡ್ತೀನಿ, ನೀವು ಕೊಟ್ಟ ಅಂಕಿಗಳು ಸುಳ್ಳಲ್ಲ. ಅಮೆರಿಕದ ಕೃಷಿ ಇಲಾಖೆಯವರ ಆಹಾರ ಪಟ್ಟಿ ಇದೆಯಲ್ಲ, ಜಗತ್ತಿನಲ್ಲಿ ಹೆಚ್ಚುಕಮ್ಮಿ ಎಲ್ರೂ ಅದನ್ನೇ ಎತ್ತಿ ಬಳಸೋದು, ಅದರ ಜೊತೆ ಇಟ್ಟು ನೋಡಿದೆ, ಸರಿಯಾಗೇ ಇವೆ. 100 ಗ್ರಾಂ ಹಸಿ ಕೊತ್ತಂಬರಿ ಸೊಪ್ಪಲ್ಲಿ ವಿಟಮಿನ್ ಸಿ 27 ಮಿಲಿಗ್ರಾಂ, ಹಸಿ ಕ್ಯಾರೆಟ್ಟಲ್ಲಿ 6 ಮಿಲಿಗ್ರಾಂ ಕೂಡ ಇಲ್ಲ. ಕಬ್ಬಿಣ ಸೊಪ್ಪಲ್ಲಿ 1.77 ಮಿಲಿಗ್ರಾಂ, ಕ್ಯಾರೆಟ್ಟಲ್ಲಿ 0.3. ಕ್ಯಾಲ್ಸಿಯಂ 67ಕ್ಕೆ 33. ಫೋಲೇಟ್ ಅನ್ನೋ ಬಿ ಗುಂಪಿನ ವಿಟಮಿನ್ 62 ಮೈಕ್ರೋಗ್ರಾಂ, ಆ ಕಡೆ 19. ವಿಟಮಿನ್ ಕೆ ಅಂತೂ ಕೇಳ್ಲೇಬೇಡಿ, 310 ಮೈಕ್ರೋಗ್ರಾಮಿನ ಎದುರಿಗೆ 13. ಕ್ಯಾಲೊರಿ ಸೊಪ್ಪಲ್ಲಿ 23, ಕ್ಯಾರೆಟ್ಟಲ್ಲಿ 41. ಕ್ಯಾರೆಟ್ಟಿಗೆ ಒಂದು ಪಾಯಿಂಟು ಸಿಕ್ಕಿದ್ದು ವಿಟಮಿನ್ ಎ ವಿಷಯದಲ್ಲಿ ಮಾತ್ರ, 835 ಮೈಕ್ರೋಗ್ರಾಂ, ಸೊಪ್ಪಲ್ಲಿ 337, ಅದನ್ನ ನಿಮ್ಮ ಲೇಖಕರು ಟೇಬಲ್ಲಿನ ಕೊನೇ ಸಾಲಿಗೆ ತಳ್ಳಿ ಬರಹದಲ್ಲಿ ಅದರ ಬಗ್ಗೆ ಒಂದು ಮಾತೂ ಆಡಿಲ್ಲ. ನಾರಿನಂಶ ಎರಡರಲ್ಲೂ ಒಂದೇ, 2.8 ಗ್ರಾಂ, ಅದನ್ನಂತೂ ಬಿಟ್ಟೇಬಿಟ್ಟಿದ್ದಾರೆ, ಸಮ ಆಗಿದ್ದು ಸುದ್ದಿ ಆಗಲ್ಲ ಅಂತ ಇರ್ಬೇಕು.

ನನ್ನ ತಕರಾರು ಇರೋದು ಟೇಬಲ್ಲಿನ ತಲೆ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರೋ "100 ಗ್ರಾಂಗೆ" ಅನ್ನೋ ಒಂದು ಪದದ ಮೇಲೆ.

ಆಹಾರ ಪಟ್ಟಿಗಳಲ್ಲಿ 100 ಗ್ರಾಂ ಅಂತ ಇಟ್ಕೊಳೋದು ಪಟ್ಟಿ ಮಾಡೋರ ಅನುಕೂಲಕ್ಕೆ. ಎಲ್ಲಾ ಪದಾರ್ಥಕ್ಕೂ ಒಂದೇ ಅಳತೆ ಇದ್ರೆ ಲೆಕ್ಕ ಹಾಕೋದು ಸುಲಭ, ಆಮೇಲೆ ಯಾರು ಎಷ್ಟು ತಿಂತಾರೋ ಅಷ್ಟಕ್ಕೆ ಗುಣಿಸ್ಕೊಂಡ್ರೆ ಆಯ್ತು. ಆ ಗುಣಾಕಾರ ಮಾಡೋದು ಓದೋರ ಕೆಲಸ, ಅಥವಾ ಓದೋರಿಗೋಸ್ಕರ ಬರೆಯೋರ ಕೆಲಸ. ನಿಮ್ಮ ಲೇಖಕರು ಅದನ್ನ ಮಾಡದೇನೇ ನೇರವಾಗಿ ತೀರ್ಪು ಕೊಟ್ಬಿಟ್ರು.

ಈಗ ನಾನು ಮಾಡ್ತೀನಿ ನೋಡಿ. ಸಣ್ಣಗೆ ಹೆಚ್ಚಿದ ಕೊತ್ತಂಬರಿ ಸೊಪ್ಪು ಕಾಲು ಕಪ್ ಅಂದ್ರೆ ಅದೇ ಪಟ್ಟಿ ಪ್ರಕಾರ 4 ಗ್ರಾಂ. ಹೌದು ನಾಲ್ಕೇ ಗ್ರಾಂ, ಕಣ್ಣಿಗೆ ತುಂಬಾ ಕಾಣುತ್ತೆ, ತಕ್ಕಡಿಲಿ ಏನೂ ಇರಲ್ಲ. ಮೇಲೆ ಉದುರಿಸೋದಂತೂ ಇದರಲ್ಲಿ ಅರ್ಧನೋ ಅದಕ್ಕೂ ಕಮ್ಮಿನೋ, ಇರ್ಲಿ, ಧಾರಾಳವಾಗಿ 4 ಗ್ರಾಂ ಅಂತಾನೇ ಇಟ್ಕೊಳೋಣ. ಆ ಕಡೆ ಮಧ್ಯಮ ಗಾತ್ರದ ಒಂದು ಕ್ಯಾರೆಟ್ ಅಂದ್ರೆ 61 ಗ್ರಾಂ. ಈಗ ಟೇಬಲ್ಲನ್ನ ಮತ್ತೆ ಬರೀರಿ. ವಿಟಮಿನ್ ಸಿ ಸೊಪ್ಪಿಂದ ಬರೋದು 1.1 ಮಿಲಿಗ್ರಾಂ, ಕ್ಯಾರೆಟ್ಟಿಂದ 3.6. ಕಬ್ಬಿಣ ಸೊಪ್ಪಿಂದ 0.07, ಕ್ಯಾರೆಟ್ಟಿಂದ 0.18. ಕ್ಯಾಲ್ಸಿಯಂ 2.7 ಮಿಲಿಗ್ರಾಂ ಒಂದು ಕಡೆ, 20 ಇನ್ನೊಂದು ಕಡೆ. ಫೋಲೇಟ್ ಎರಡೂವರೆ ಮೈಕ್ರೋಗ್ರಾಂ, ಕ್ಯಾರೆಟ್ಟಲ್ಲಿ ಹನ್ನೊಂದೂವರೆ. ಪೊಟ್ಯಾಸಿಯಂ 21 ಮಿಲಿಗ್ರಾಂ, ಆ ಕಡೆ 195. ಸಮ ಇದ್ದ ನಾರಿನಂಶ ಕೂಡ ಈಗ ಸಮ ಇಲ್ಲ, 0.1 ಗ್ರಾಂ ಎದುರಿಗೆ 1.7. ಇನ್ನು ವಿಟಮಿನ್ ಎ, ಸೊಪ್ಪಿಂದ 13 ಮೈಕ್ರೋಗ್ರಾಂ ಚಿಲ್ಲರೆ, ಕ್ಯಾರೆಟ್ಟಿಂದ 509.

ಅಂದ್ರೆ ಕ್ಯಾಲೊರಿ ಪಕ್ಕಕ್ಕಿಟ್ರೆ, ನಿಮ್ಮ ಟೇಬಲ್ಲಲ್ಲಿ ಸೊಪ್ಪು ಗೆದ್ದಿದ್ದ ಪೋಷಕಾಂಶದ ಸಾಲುಗಳೆಲ್ಲ ಒಂದು ಬಿಟ್ಟು ಮಗುಚಿ ಬಿದ್ವು. ಆ ಒಂದು ಯಾವುದು ಅಂತ ಆಮೇಲೆ ಹೇಳ್ತೀನಿ, ಅದು ನಿಜವಾಗ್ಲೂ ಮುಖ್ಯವಾದದ್ದು.

ಇದಕ್ಕೆ ಕೆಲವರು ಒಂದು ಉತ್ತರ ರೆಡಿ ಇಟ್ಕೊಂಡಿರ್ತಾರೆ, ಸ್ವಲ್ಪ ಆದ್ರೇನಂತೆ, ದಿನಾ ತಿಂದ್ರೆ ಹನಿ ಹನಿ ಸೇರಿ ಹಳ್ಳ ಆಗುತ್ತಲ್ಲ ಅಂತ. ಸರಿ, ದಿನಾ ತಿನ್ನಿ. ದಿನಕ್ಕೆ 4 ಗ್ರಾಂ ಅಂದ್ರೆ 30 ದಿನಕ್ಕೆ 120 ಗ್ರಾಂ ಸೊಪ್ಪು. ಅದೇ 30 ದಿನ ಒಂದೊಂದು ಕ್ಯಾರೆಟ್ ತಿಂದೋರು 1830 ಗ್ರಾಂ ತಿಂದಿರ್ತಾರೆ. ಹನಿ ಹನಿ ಸೇರೋದು ಎರಡು ಕಡೆನೂ ಸೇರುತ್ತೆ ಸ್ವಾಮಿ, ಹಳ್ಳ ಮಾತ್ರ ಒಂದೇ ಕಡೆ ದೊಡ್ಡದಾಗ್ತಾ ಹೋಗುತ್ತೆ.

ಇಲ್ಲಿ ಇನ್ನೊಂದು ವಿಷಯ ಹೇಳ್ಬೇಕು, ವಿಟಮಿನ್ ಸಿಗೋಸ್ಕರ ಈ ಎರಡರ ಮಧ್ಯೆ ಜಗಳ ಹಚ್ಚೋದೇ ದಂಡ. ಅಮೆರಿಕದ ಶಿಫಾರಸು ಪ್ರಕಾರ ದೊಡ್ಡೋರಿಗೆ ದಿನಕ್ಕೆ ಗಂಡಸರಿಗೆ 90, ಹೆಂಗಸರಿಗೆ 75 ಮಿಲಿಗ್ರಾಂ ಬೇಕು. 90 ಮಿಲಿಗ್ರಾಂ ಬರೀ ಕೊತ್ತಂಬರಿ ಸೊಪ್ಪಿಂದಾನೇ ತಗೋತೀನಿ ಅಂತ ಹಟ ಹಿಡಿದ್ರೆ 330 ಗ್ರಾಂ ಮೇಲೆ ಸೊಪ್ಪು ಮೇಯ್ಬೇಕು, ಕ್ಯಾರೆಟ್ಟಿಂದಾನೇ ಅಂದ್ರೆ ಒಂದೂವರೆ ಕಿಲೋ. ಯಾರೂ ಎರಡನ್ನೂ ಮಾಡಲ್ಲ. ಕೆಂಪು ದೊಣ್ಣೆ ಮೆಣಸಿನಕಾಯಿ 100 ಗ್ರಾಂಗೆ 128 ಮಿಲಿಗ್ರಾಂ ಕೊಡುತ್ತೆ, ಸೀಬೆಹಣ್ಣು 228, ಅವನ್ನ ಜನ ಹಾಗೇ ಇಡೀ ಇಡೀ ತಿಂತಾರೆ. ಟೊಮ್ಯಾಟೊದಲ್ಲಿ 100 ಗ್ರಾಂಗೆ 13.7 ಮಾತ್ರ, ಅಂದ್ರೆ ಟೇಬಲ್ ಪ್ರಕಾರ ಸೊಪ್ಪಿನ ಅರ್ಧ, ಆದ್ರೆ ಒಂದು ಟೊಮ್ಯಾಟೊ ತಿಂದ್ರೆ ಸುಮಾರು 17 ಮಿಲಿಗ್ರಾಂ ಬಂತು, ಅಷ್ಟಕ್ಕೆ ಸೊಪ್ಪು 60 ಗ್ರಾಂ ದಾಟುತ್ತೆ. ಪಟ್ಟಿಲಿ ಅರ್ಧ ಇರೋದು ತಟ್ಟೆಲಿ ಹದಿನೈದು ಪಟ್ಟು ಆಗೋ ಮ್ಯಾಜಿಕ್ ಇದು.

ಈಗ ಆ ಉಳಿದ ಒಂದು ಸಾಲು, ವಿಟಮಿನ್ ಕೆ. 4 ಗ್ರಾಂ ಕೊತ್ತಂಬರಿ ಸೊಪ್ಪಲ್ಲಿ 12 ಮೈಕ್ರೋಗ್ರಾಂ, 61 ಗ್ರಾಂ ಕ್ಯಾರೆಟ್ಟಲ್ಲಿ 8. ಇಷ್ಟು ಸಣ್ಣ ಪ್ರಮಾಣದಲ್ಲೂ ಸೊಪ್ಪೇ ಮುಂದೆ. ಇದು ಯಾಕೆ ಅಂದ್ರೆ ವಿಟಮಿನ್ ಕೆ1 ಅನ್ನೋದು ಹಸಿರೆಲೆ ಬಿಸಿಲಲ್ಲಿ ಆಹಾರ ತಯಾರಿಸೋ ಕೆಲಸಕ್ಕೇ ಬೇಕಾದ ವಸ್ತು, ಎಲೆ ಇದ್ದಲ್ಲಿ ಅದು ಇರುತ್ತೆ, ಮಣ್ಣೊಳಗೆ ಕತ್ತಲಲ್ಲಿ ಬೆಳೆಯೋ ಗಡ್ಡೆಗೆ ಅದರ ಅಗತ್ಯ ಇಲ್ಲ. ಪಾರ್ಸ್ಲಿ ಅಂತ ಕೊತ್ತಂಬರಿಯ ದಾಯಾದಿ ಸೊಪ್ಪೊಂದಿದೆ, ಅದಂತೂ ಇನ್ನೂ ಜೋರು, 100 ಗ್ರಾಂಗೆ 1640 ಮೈಕ್ರೋಗ್ರಾಂ. ಒಂದು ದೊಡ್ಡ ಚಮಚ ಹೆಚ್ಚಿದ ಪಾರ್ಸ್ಲಿ 3.8 ಗ್ರಾಂ ಬರುತ್ತೆ, ಅಷ್ಟರಲ್ಲೇ 62 ಮೈಕ್ರೋಗ್ರಾಂ. ಹೆಂಗಸರಿಗೆ ದಿನಕ್ಕೆ 90, ಗಂಡಸರಿಗೆ 120 ಸಾಕು ಅಂತಾರೆ, ಅಂದ್ರೆ ಒಂದೇ ಚಮಚದಲ್ಲಿ ಅರ್ಧ ದಿನದ್ದು ಬಂದ್ಬಿಡ್ತು. ಸೊಪ್ಪು ಗೆದ್ದಿದೆ ಅಂತ ಬರೀಬೇಕು ಅಂತಿದ್ರೆ ಬರೀಬೇಕಾಗಿದ್ದು ಇದನ್ನ. ನಿಮ್ಮ ಲೇಖಕರು ವಿಟಮಿನ್ ಕೆ ಬಗ್ಗೆ ಒಂದೇ ಸಾಲಲ್ಲಿ "ರಕ್ತಕ್ಕೆ ಒಳ್ಳೇದು" ಅಂತ ಹೇಳಿ ಮುಂದೆ ಹೋದ್ರು.

ರಕ್ತಕ್ಕೆ ಒಳ್ಳೇದು ಅಂದ್ರೆ ಏನು? ಗಾಯ ಆದಾಗ ರಕ್ತ ಹೆಪ್ಪುಗಟ್ಟೋಕೆ ಲಿವರ್ ಕೆಲವು ಪ್ರೋಟೀನ್ ತಯಾರು ಮಾಡುತ್ತೆ, ಅವು ಕೆಲಸ ಮಾಡ್ಬೇಕು ಅಂದ್ರೆ ವಿಟಮಿನ್ ಕೆ ಬೇಕು. ಇದನ್ನ ಕಂಡುಹಿಡಿದಿದ್ದಕ್ಕೆ ಹೆನ್ರಿಕ್ ಡ್ಯಾಮ್ ಅವರಿಗೂ, ಅದರ ರಾಸಾಯನಿಕ ಸ್ವರೂಪ ಬಿಡಿಸಿದ್ದಕ್ಕೆ ಎಡ್ವರ್ಡ್ ಡೊಯ್ಸಿ ಅವರಿಗೂ 1943ರ ನೊಬೆಲ್ ಬಂತು. ಈಗ ವಾರ್ಫರಿನ್ ಅಂತ ಒಂದು ಮಾತ್ರೆ ಇದೆ, ರಕ್ತ ತೆಳು ಮಾಡೋ ಮಾತ್ರೆ ಅಂತ ಜನ ಕರೆಯೋದು, ಅದು ಕೆಲಸ ಮಾಡೋದೇ ದೇಹದಲ್ಲಿ ವಿಟಮಿನ್ ಕೆ ಮತ್ತೆ ಮತ್ತೆ ಬಳಕೆಗೆ ಬರದ ಹಾಗೆ ತಡೆದು. ಆ ಮಾತ್ರೆ ತಗೊಳೋರು ಪೇಪರ್ ಓದಿ ನಾಳೆಯಿಂದ ದಿನಾ ಕಟ್ಟುಗಟ್ಟಲೆ ಸೊಪ್ಪು ರುಬ್ಬಿ ಕುಡಿಯೋಕೆ ಶುರು ಮಾಡಿದ್ರೆ ಮಾತ್ರೆಯ ಡೋಸೇಜ್ ಲೆಕ್ಕ ಎಲ್ಲ ಏರುಪೇರು. ಅಂಥವರು ಸೊಪ್ಪನ್ನ ಪೂರ್ತಿ ಬಿಡ್ಬೇಕು ಅಂತೇನಿಲ್ಲ, ಡಾಕ್ಟ್ರು ಹೇಳೋದು ವಿಟಮಿನ್ ಕೆ ಇರೋ ಆಹಾರ ದಿನಾ ಹೆಚ್ಚುಕಮ್ಮಿ ಒಂದೇ ಅಳತೇಲಿ ಇರ್ಲಿ, ಇದ್ದಕ್ಕಿದ್ದಂಗೆ ಏರಿಸ್ಬೇಡಿ ಇಳಿಸ್ಬೇಡಿ ಅಂತ. ಒಂದು ಹೋಲಿಕೆಯ ಬರಹದಲ್ಲಿ ಇದೊಂದು ಎಚ್ಚರಿಕೆ ಇರ್ಬೇಕಿತ್ತಲ್ವಾ ಸಂಪಾದಕರೇ? ಉಪಯೋಗಗಳಿಗೆ ಅಷ್ಟುದ್ದ ಜಾಗ ಕೊಟ್ಟಿದ್ರಿ.

ಇನ್ನು ಆ ಬರಹದ ಪಕ್ಕದಲ್ಲಿ ಬಾಕ್ಸ್ ಮಾಡಿ ಹಾಕಿದ್ರಲ್ಲ, ಒಣಗಿಸಿದ ಕೊತ್ತಂಬರಿ ಎಲೆಲಿ ಕಬ್ಬಿಣ 42 ಮಿಲಿಗ್ರಾಂ, ಹಸಿ ಎಲೆಗಿಂತ ಇಪ್ಪತ್ತು ಪಟ್ಟು ಜಾಸ್ತಿ ಅಂತ, ಅದನ್ನ ನೋಡಿ ನಗು ಬಂತು. ಹಸಿ ಸೊಪ್ಪಲ್ಲಿ ಶೇಕಡ 92 ನೀರು. ಒಣಗಿಸಿದ್ರೆ ಉಳಿಯೋ ನೀರು ಶೇಕಡ 7ರ ಹತ್ರ. ನೀರು ಹೋಯ್ತು, ಉಳಿದದ್ದೆಲ್ಲ ಒಂದೇ ಕಡೆ ಸೇರ್ತು, ಲೆಕ್ಕ ಹಾಕಿದ್ರೆ ಸುಮಾರು 12 ಪಟ್ಟು ದಟ್ಟ ಆಗುತ್ತೆ. ಎಲೇಲಿ ಹೊಸದಾಗಿ ಕಬ್ಬಿಣ ಹುಟ್ಟಿಲ್ಲ. ಆದ್ರೆ ಪಟ್ಟಿಲಿ ಇರೋದು 24 ಪಟ್ಟು, 12 ಅಲ್ಲ. ವಿಟಮಿನ್ ಸಿ ಇನ್ನೂ ವಿಚಿತ್ರ, ಹಸಿದಲ್ಲಿ 27, ಒಣಗಿದ್ದರಲ್ಲಿ 567 ಅಂತಿದೆ, 21 ಪಟ್ಟು. ಗಾಳಿ, ಬಿಸಿ, ಬೆಳಕು ತಾಗಿದ್ರೆ ಹಾಳಾಗೋ ವಿಟಮಿನ್ನು ಒಣಗಿಸೋದ್ರಿಂದ ಜಾಸ್ತಿ ಆಗೋದು ಹೇಗೆ? ಆಗಲ್ಲ. ಪಟ್ಟಿಲಿರೋ ಹಸಿ ಎಲೆ ಬೇರೆ ಸ್ಯಾಂಪಲ್ಲು, ಒಣಗಿದ್ದು ಬೇರೆ ಸ್ಯಾಂಪಲ್ಲು, ಬೇರೆ ಬೇರೆ ಹೊಲ ಮಣ್ಣು ತಳಿಯ ಸೊಪ್ಪು ಅಂತ ಅಂದ್ಕೊಂಡ್ರೆ ಮಾತ್ರ ಈ ಲೆಕ್ಕ ಅರ್ಥ ಆಗುತ್ತೆ. ಪಟ್ಟಿ ಮಾಡೋರಿಗೆ ಇದು ಗೊತ್ತಿರುತ್ತೆ, ಪಟ್ಟಿ ಎತ್ತಿ ಬಾಕ್ಸ್ ಹಾಕೋರಿಗೆ ಗೊತ್ತಿರಲ್ಲ, ಒಂದೇ ಎಲೆ ಒಣಗಿ ಇಪ್ಪತ್ತು ಪಟ್ಟು ಶಕ್ತಿಶಾಲಿ ಆಯ್ತು ಅನ್ನೋ ಥರ ಬರೀತಾರೆ. ಅಷ್ಟಕ್ಕೂ ಒಂದು ಸಣ್ಣ ಚಮಚ ಒಣ ಎಲೆ ಅಂದ್ರೆ 0.6 ಗ್ರಾಂ, ಅದರಲ್ಲಿ ಸಿಗೋ ಕಬ್ಬಿಣ ಕಾಲು ಮಿಲಿಗ್ರಾಂ.

ಇದೇ 100 ಗ್ರಾಂ ಆಟ ಆಂಟಿಆಕ್ಸಿಡೆಂಟ್, ಅಂದ್ರೆ ಜೀವಕೋಶ ಹಾಳಾಗೋದನ್ನ ತಡೆಯುತ್ತೆ ಅನ್ನೋ ವಸ್ತುಗಳ ವಿಷಯದಲ್ಲೂ ನಡೀತು. ಓರಾಕ್ ಅಂತ ಒಂದು ಅಂಕ ಇತ್ತು, ಪ್ರಯೋಗಾಲಯದಲ್ಲಿ ಟೆಸ್ಟ್ ಟ್ಯೂಬಿನಲ್ಲಿ ಆಹಾರದ ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯೋದು. 100 ಗ್ರಾಂ ಲೆಕ್ಕದಲ್ಲಿ ಪಟ್ಟಿ ಮಾಡಿದ್ರೆ ಒಣಗಿಸಿದ ಮಸಾಲೆ, ಒಣ ಸೊಪ್ಪುಗಳೇ ಮೇಲ್ಗಡೆ ಬಂದು ಕೂರೋವು, ಕಂಪನಿಗಳು ಆ ನಂಬರ್ ಹಿಡ್ಕೊಂಡು ಡಬ್ಬಿ ಮೇಲೆ ಅಚ್ಚು ಹಾಕೋಕೆ ಶುರು ಮಾಡಿದ್ವು. ಕೊನೆಗೆ 2012ರಲ್ಲಿ ಅಮೆರಿಕದ ಕೃಷಿ ಇಲಾಖೆಯವರೇ ಆ ಪಟ್ಟಿನ ತಮ್ಮ ವೆಬ್‌ಸೈಟಿಂದ ತೆಗೆದು ಹಾಕಿದ್ರು, ಈ ಅಂಕಕ್ಕೂ ಮನುಷ್ಯನ ದೇಹದಲ್ಲಿ ಆಗೋದಕ್ಕೂ ಸಂಬಂಧ ಸಾಬೀತಾಗಿಲ್ಲ, ದುರುಪಯೋಗ ಆಗ್ತಿದೆ ಅಂತ. ಅಷ್ಟು ವರ್ಷ ಆದ್ಮೇಲೂ ನಿಮ್ಮ ಬರಹದಲ್ಲಿ ಅದೇ ಅಂಕ ಇಣುಕ್ತಾ ಇತ್ತು, ಹೆಸರು ಹಾಕಿರ್ಲಿಲ್ಲ ಅಷ್ಟೇ.

ಸರಿ 100 ಗ್ರಾಂ ಬೇಡ, 100 ಕ್ಯಾಲೊರಿ ಲೆಕ್ಕ ಇಟ್ಕೊಳೋಣ ಅನ್ನೋರೂ ಇದ್ದಾರೆ. 2014ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಜರ್ನಲ್ಲಿನಲ್ಲಿ ಜೆನ್ನಿಫರ್ ಡಿ ನೋಯಾ ಅನ್ನೋ ಸಂಶೋಧಕಿ ಇಂಥದ್ದೊಂದು ಪಟ್ಟಿ ಪ್ರಕಟಿಸಿದ್ರು, 17 ಪೋಷಕಾಂಶ ತಗೊಂಡು ತರಕಾರಿ ಹಣ್ಣುಗಳಿಗೆ ಅಂಕ ಕೊಟ್ಟು. ವಾಟರ್‌ಕ್ರೆಸ್ ಅನ್ನೋ ಸೊಪ್ಪಿಗೆ ನೂರಕ್ಕೆ ನೂರು, ಪಾಲಕ್‌ಗೆ 86 ಚಿಲ್ಲರೆ, ಪಾರ್ಸ್ಲಿಗೆ 65 ಚಿಲ್ಲರೆ, ಕ್ಯಾರೆಟ್ಟಿಗೆ 22 ಚಿಲ್ಲರೆ. ನೋಡಿದ ತಕ್ಷಣ ಕ್ಯಾರೆಟ್ ಫೇಲ್ ಅನ್ಸುತ್ತೆ. ಆದ್ರೆ 100 ಕ್ಯಾಲೊರಿ ಕ್ಯಾರೆಟ್ ಅಂದ್ರೆ 244 ಗ್ರಾಂ, ನಾಲ್ಕು ಕ್ಯಾರೆಟ್, ಹಸಿವಾದ್ರೆ ತಿನ್ಬಹುದು. 100 ಕ್ಯಾಲೊರಿ ಪಾರ್ಸ್ಲಿ ಅಂದ್ರೆ 278 ಗ್ರಾಂ. ಕೊತ್ತಂಬರಿ ಸೊಪ್ಪು ಆ ಪಟ್ಟಿಲಿ ಸೇರಿಸಿದ್ದಿದ್ರೆ ಅದರ 100 ಕ್ಯಾಲೊರಿಗೆ 435 ಗ್ರಾಂ ಬೇಕಾಗ್ತಿತ್ತು. ಸುಮಾರು ಅರ್ಧ ಕಿಲೋ ಸೊಪ್ಪು. ಕ್ಯಾಲೊರಿ ಲೆಕ್ಕದಲ್ಲಿ ನೀರು ಜಾಸ್ತಿ ಇರೋ ಎಲೆಗಳೇ ಗೆಲ್ಲೋದು, ಯಾಕಂದ್ರೆ ಭಾಗಿಸೋ ಸಂಖ್ಯೆನೇ ಸಣ್ಣದು. ಡಯಟ್ ಮಾಡೋರಿಗೆ, ತಟ್ಟೆ ತುಂಬ ಸೊಪ್ಪು ತಿನ್ನೋರಿಗೆ ಆ ಪಟ್ಟಿ ಉಪಯೋಗಕ್ಕೆ ಬರ್ಬಹುದು, ಮೇಲೆ ಉದುರಿಸೋ ಸೊಪ್ಪಿಗೆ ಅದನ್ನ ಅನ್ವಯಿಸೋದು ತಪ್ಪು.

ಈಗ ಬಾಯಿಗೆ ಹೋದ ಮೇಲಿನ ಕಥೆ. ಪಟ್ಟಿಲಿ ಇರೋದೆಲ್ಲ ಮೈಗೆ ಹತ್ತಲ್ಲ. ಕ್ಯಾರೆಟ್ಟಲ್ಲಿ ಇರೋದು ನೇರ ವಿಟಮಿನ್ ಎ ಅಲ್ಲ, ಕ್ಯಾರೋಟಿನ್, ಅದನ್ನ ದೇಹ ಕಡಿದು ವಿಟಮಿನ್ ಎ ಮಾಡ್ಕೋಬೇಕು. ಲೆಕ್ಕ ಹೀಗಿದೆ, ಆಹಾರದಲ್ಲಿರೋ ಬೀಟಾ ಕ್ಯಾರೋಟಿನ್ 12 ಮೈಕ್ರೋಗ್ರಾಂ ಆದ್ರೆ ಒಂದು ಮೈಕ್ರೋಗ್ರಾಂ ವಿಟಮಿನ್ ಎ, ಆಲ್ಫಾ ಕ್ಯಾರೋಟಿನ್ ಆದ್ರೆ 24ಕ್ಕೆ ಒಂದು. ಕ್ಯಾರೆಟ್ಟಲ್ಲಿ ಬೀಟಾ 8285, ಆಲ್ಫಾ 3477, ಭಾಗಿಸಿ ಕೂಡಿ ನೋಡಿ, 835 ಬರುತ್ತೆ, ಅಂದ್ರೆ ಟೇಬಲ್ಲಿನ ಆ ಸಂಖ್ಯೆಲಿ ಈ ನಷ್ಟವನ್ನ ಆಗ್ಲೇ ಕಳೆದಿದ್ದಾರೆ. ಹಾಗಂತ ಅದು ಎಲ್ರಿಗೂ ಎಲ್ಲಾ ಸಲವೂ ಅಷ್ಟೇ ಸಿಗುತ್ತೆ ಅಂತಿಲ್ಲ, ಅದು ಸರಾಸರಿ. ಕ್ಯಾರೋಟಿನ್ ಎಣ್ಣೇಲಿ ಕರಗೋ ವಸ್ತು, ಊಟದಲ್ಲಿ ಒಂದಿಷ್ಟು ಕೊಬ್ಬು ಇಲ್ದಿದ್ರೆ ಕರುಳು ಅದನ್ನ ಸರಿಯಾಗಿ ಹೀರ್ಕೊಳಲ್ಲ. ಮೇಲಾಗಿ ಅದು ಗಡ್ಡೆಯ ಜೀವಕೋಶಗಳ ಒಳಗೆ ಗಟ್ಟಿಯಾಗಿ ಕೂತಿರುತ್ತೆ, ಬೇಯಿಸಿದ್ರೆ, ತುರಿದ್ರೆ, ಅರೆದ್ರೆ, ಕೊನೇಪಕ್ಷ ಚೆನ್ನಾಗಿ ಅಗಿದ್ರೆ ಆಚೆ ಬರುತ್ತೆ. ಹಸಿ ಕ್ಯಾರೆಟ್ಟನ್ನ ದೊಡ್ಡ ದೊಡ್ಡ ತುಂಡಾಗಿ ಗಬಗಬ ನುಂಗೋರಿಗೆ ಸಿಗೋದು ಕಮ್ಮಿ. ಇಲ್ಲಿ ಅಡುಗೆ ಲಾಭ ಮಾಡುತ್ತೆ. ಸೊಪ್ಪಿನ ವಿಟಮಿನ್ ಸಿ ವಿಷಯದಲ್ಲಿ ಉಲ್ಟಾ, ಬೇಯಿಸಿದ್ರೆ ಒಂದಿಷ್ಟು ಬಿಸಿಗೆ ಹಾಳು, ಒಂದಿಷ್ಟು ನೀರಿಗೆ ಹೋಯ್ತು. ಹಾಗಾಗಿ ಕೊನೇಲಿ, ಒಲೆ ಆರಿಸಿದ ಮೇಲೆ ಸೊಪ್ಪು ಹಾಕೋ ಅಭ್ಯಾಸ ಇದ್ಯಲ್ಲ, ಅದು ಘಮಕ್ಕೂ ಒಳ್ಳೇದು, ಇರೋ ಒಂದು ಮಿಲಿಗ್ರಾಂ ವಿಟಮಿನ್ ಸಿಗೂ ಒಳ್ಳೇದು.

ಕ್ಯಾರೆಟ್ ತಿಂದ್ರೆ ಕಣ್ಣು ಚುರುಕಾಗುತ್ತೆ ಅನ್ನೋ ಮಾತಿಗೂ ಮಿತಿ ಇದೆ. ವಿಟಮಿನ್ ಎ ಕೊರತೆ ಆದ್ರೆ ಇರುಳುಗುರುಡು ಬರುತ್ತೆ, ಅದು ನಿಜ, ಕೊರತೆ ಇಲ್ದೋರು ಎಷ್ಟು ತಿಂದ್ರೂ ಕನ್ನಡಕ ತೆಗೆದಿಡೋ ಹಾಗಾಗಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನೋರು ತಮ್ಮ ಪೈಲಟ್‌ಗಳು ಕ್ಯಾರೆಟ್ ತಿಂದು ಕತ್ತಲಲ್ಲಿ ಶತ್ರು ವಿಮಾನ ಹೊಡೀತಾರೆ ಅಂತ ಜೋರಾಗಿ ಪ್ರಚಾರ ಮಾಡಿದ್ರು, ವಿಮಾನದೊಳಗೆ ರೇಡಾರ್ ಇತ್ತು ಅನ್ನೋದು ಮಾತ್ರ ಹೇಳ್ಲಿಲ್ಲ. ಅತಿಯಾಗಿ ತಿಂದೋರ ಅಂಗೈ ಹಳದಿ ಆಗೋದುಂಟು, ಕಮ್ಮಿ ಮಾಡಿದ್ರೆ ತಾನಾಗೇ ಸರಿ ಹೋಗುತ್ತೆ.

ಕಬ್ಬಿಣ, ಕ್ಯಾಲ್ಸಿಯಂ ವಿಷಯದಲ್ಲಿ ಎಲ್ಲಾ ಸೊಪ್ಪಿನ ಅಂಕಿಗಳನ್ನೂ ಸ್ವಲ್ಪ ಅನುಮಾನದಿಂದಾನೇ ನೋಡ್ಬೇಕು. ಗಿಡದಿಂದ ಬರೋ ಕಬ್ಬಿಣ ದೇಹಕ್ಕೆ ಸೇರೋದು ಮಾಂಸದಿಂದ ಬರೋದಕ್ಕಿಂತ ಕಮ್ಮಿ, ಜೊತೇಲಿ ವಿಟಮಿನ್ ಸಿ ಇದ್ರೆ ಸ್ವಲ್ಪ ಸುಧಾರಿಸುತ್ತೆ. ಪಾಲಕ್ ಉದಾಹರಣೆ ತಗೊಳಿ, 100 ಗ್ರಾಂಗೆ 99 ಮಿಲಿಗ್ರಾಂ ಕ್ಯಾಲ್ಸಿಯಂ ಅಂತ ಪಟ್ಟಿ ಹೇಳುತ್ತೆ, ಆದ್ರೆ ಅದರಲ್ಲಿರೋ ಆಕ್ಸಲೇಟ್ ಅನ್ನೋ ವಸ್ತು ಆ ಕ್ಯಾಲ್ಸಿಯಮ್ಮನ್ನ ಹಿಡಿದಿಟ್ಕೊಳುತ್ತೆ, ದೇಹ ಹೀರ್ಕೊಳೋದು ಶೇಕಡ 5ರಷ್ಟು ಮಾತ್ರ, ಹಾಲಿಂದ ಆದ್ರೆ ಶೇಕಡ 27ರ ಆಸುಪಾಸು. ಪಾಲಕ್ ಕಬ್ಬಿಣದ್ದು ಇನ್ನೊಂದು ಮಜಾ. ದಶಮಾಂಶ ಚುಕ್ಕಿ ತಪ್ಪಾಗಿ ಹಾಕಿದ್ದರಿಂದ ಪಾಲಕ್‌ಗೆ ಹತ್ತು ಪಟ್ಟು ಕಬ್ಬಿಣದ ಹೆಸರು ಬಂತು ಅಂತ ಒಂದು ಕಥೆ ಎಲ್ಲಾ ಕಡೆ ಓಡಾಡುತ್ತೆ, 1981ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಟೆರೆನ್ಸ್ ಹ್ಯಾಂಬ್ಲಿನ್ ಅನ್ನೋ ಡಾಕ್ಟ್ರು ಬರೆದ ಮೇಲೆ ಅದು ಇನ್ನೂ ಹಬ್ಬಿತು, 2010ರಲ್ಲಿ ಮೈಕ್ ಸಟನ್ ಅನ್ನೋರು ಮೂಲ ಹುಡುಕ್ಕೊಂಡು ಹೋದ್ರೆ ಆ ಚುಕ್ಕಿ ಕಥೆಗೇ ಆಧಾರ ಸಿಗ್ಲಿಲ್ಲ. ಸುಳ್ಳು ಬಯಲು ಮಾಡೋ ಕಥೆನೇ ಸುಳ್ಳಿನ ಥರ ಹರಡ್ತು ನೋಡಿ.

ಕೊನೇದಾಗಿ ಜ್ಯೂಸು. ನಿಮ್ಮ ಬರಹದ ಕೊನೇ ಪ್ಯಾರಾದಲ್ಲಿ ಕೊತ್ತಂಬರಿ ಸೊಪ್ಪಿನ ರಸ ದಿನಾ ಕುಡಿದ್ರೆ ಕಿಡ್ನಿ ಕ್ಲೀನ್ ಆಗುತ್ತೆ, ದೇಹದಲ್ಲಿರೋ ಸೀಸ ಪಾದರಸ ಎಲ್ಲ ಹೊರಗೆ ಹೋಗುತ್ತೆ ಅಂತ ಇದೆ. ಮನುಷ್ಯರಲ್ಲಿ ಹೀಗಾಗುತ್ತೆ ಅಂತ ಸಾಬೀತಾಗಿಲ್ಲ. ಸೀಸದ ವಿಷ ಏರಿದೋರಿಗೆ ಆಸ್ಪತ್ರೇಲಿ ಕೊಡೋ ಔಷಧಿಗಳೇ ಬೇರೆ, ಅವನ್ನ ರಕ್ತ ಪರೀಕ್ಷೆ ಮಾಡಿ ನೋಡ್ಕೊಂಡು ಕೊಡ್ತಾರೆ. ಕಿಡ್ನಿ ವಿಷಯದಲ್ಲಂತೂ ಇದು ತಮಾಷೆ ಅಲ್ಲ, ಯಾಕಂದ್ರೆ ಈ ಸೊಪ್ಪಲ್ಲಿ 100 ಗ್ರಾಂಗೆ 521 ಮಿಲಿಗ್ರಾಂ ಪೊಟ್ಯಾಸಿಯಂ ಇದೆ. ಉದುರಿಸಿ ತಿಂದಾಗ ಅದು ಲೆಕ್ಕಕ್ಕೇ ಬರಲ್ಲ ಅಂತ ಮೇಲೆ ನೋಡಿದ್ವಿ, ಆದ್ರೆ ಎರಡು ದೊಡ್ಡ ಕಟ್ಟು ರುಬ್ಬಿ ಒಂದು ಲೋಟಕ್ಕೆ ಇಳಿಸಿದ್ರೆ ಬರುತ್ತೆ. ಕಿಡ್ನಿ ಸೋತಿರೋ ಎಷ್ಟೋ ಜನರಿಗೆ ಪೊಟ್ಯಾಸಿಯಂ ಕಮ್ಮಿ ಮಾಡಿ ಅಂತ ಡಾಕ್ಟ್ರು ಹೇಳಿರ್ತಾರೆ, ಏರಿದ್ರೆ ಹೃದಯದ ಬಡಿತಕ್ಕೇ ತೊಂದ್ರೆ. ಅಂಥವರೇ ತಾನೇ "ಕಿಡ್ನಿ ಕ್ಲೀನ್" ಅನ್ನೋ ಹೆಡ್ಡಿಂಗ್ ನೋಡಿ ಮೊದಲು ಓದೋದು.

ಹಾಗಂತ ನಾನು ಕೊತ್ತಂಬರಿ ಸೊಪ್ಪಿನ ವಿರೋಧಿ ಅಂದ್ಕೋಬೇಡಿ, ನಂಗೆ ಬಲು ಇಷ್ಟ. ಕೆಲವರಿಗೆ ಅದು ಸೋಪಿನ ಥರ ನಾರುತ್ತಂತೆ, ಅದರ ಘಮದಲ್ಲಿರೋ ಆಲ್ಡಿಹೈಡ್ ಅನ್ನೋ ವಸ್ತುಗಳನ್ನ ಗುರುತಿಸೋ ಒಂದು ಜೀನ್ ಅವರಲ್ಲಿ ಸ್ವಲ್ಪ ಬೇರೆ ಥರ ಇರೋದು ಅದಕ್ಕೊಂದು ಕಾರಣ ಅಂತಾರೆ, ಅವರ ಪಾಡಿಗೆ ಅವರನ್ನ ಬಿಡೋಣ. ಉಳಿದೋರಿಗೆ ಸೊಪ್ಪಿನ ದೊಡ್ಡ ಉಪಕಾರ ರುಚಿ. ಅದು ಬಿದ್ರೆ ಬೇಯಿಸಿದ ಸಪ್ಪೆ ತರಕಾರಿನೂ ಒಂದು ತುತ್ತು ಜಾಸ್ತಿ ಇಳಿಯುತ್ತೆ, ಉಪ್ಪು ಒಂದು ಚಿಟಿಕೆ ಕಮ್ಮಿ ಹಾಕಿದ್ರೂ ನಡೆಯುತ್ತೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಉಪ್ಪು 5 ಗ್ರಾಂ ಒಳಗಿರ್ಲಿ, ಹಣ್ಣು ತರಕಾರಿ ಎಲ್ಲ ಸೇರಿ ಕನಿಷ್ಠ 400 ಗ್ರಾಂ ಇರ್ಲಿ ಅನ್ನುತ್ತೆ. ಈ 400 ಗ್ರಾಮಿಗೆ ಒಂದು ಕ್ಯಾರೆಟ್ 61 ಗ್ರಾಂ ಜಮಾ ಮಾಡುತ್ತೆ, ಸೊಪ್ಪು 4 ಗ್ರಾಂ ಮಾಡುತ್ತೆ, ಆದ್ರೆ ಆ 4 ಗ್ರಾಂ ಇಲ್ದಿದ್ರೆ 61 ಗ್ರಾಂ ತಟ್ಟೆಲೇ ಉಳಿಯೋ ಸಾಧ್ಯತೆ ಇದೆ. ಇದನ್ನ ಯಾವ ಟೇಬಲ್ಲೂ ತೋರಿಸಲ್ಲ. ಇನ್ನು ಇಡೀ ಕಟ್ಟನ್ನೇ ದಂಟು ಸಮೇತ ತರಕಾರಿ ಥರ ತಿನ್ನೋರಿದ್ರೆ ಅವರಿಗೆ ನಿಮ್ಮ ಟೇಬಲ್ ಹೆಚ್ಚುಕಮ್ಮಿ ಸರಿನೇ, 50 ಗ್ರಾಂ ತಿಂದ್ರೂ ಫೋಲೇಟ್ 31 ಮೈಕ್ರೋಗ್ರಾಂ, ವಿಟಮಿನ್ ಎ 168, ಅದು ಸುಮ್ನೆ ಅಲ್ಲ. ಹೊಸದಾಗಿ ಕಿತ್ತಿದ್ದಾಗಿರ್ಬೇಕು ಅಷ್ಟೇ, ಕ್ಯಾರೆಟ್ ತಂಪಲ್ಲಿ ವಾರಗಟ್ಟಲೆ ಕೆಡದೆ ಇರುತ್ತೆ, ಸೊಪ್ಪು ಬಾಡೋಕೆ ಶುರುವಾದ್ರೆ ವಿಟಮಿನ್ ಸಿ ಕೂಡ ಜೊತೇಲೇ ಇಳೀತಾ ಹೋಗುತ್ತೆ.

ನಾನು ಕೇಳೋದು ಎರಡೇ. ಮುಂದೆ ಇಂಥ ಹೋಲಿಕೆ ಹಾಕಿದಾಗ 100 ಗ್ರಾಂ ಕಾಲಮ್ಮಿನ ಪಕ್ಕದಲ್ಲಿ ಒಂದು ಸಲಕ್ಕೆ ಸಾಮಾನ್ಯವಾಗಿ ತಿನ್ನೋ ಅಳತೆಯ ಕಾಲಮ್ಮನ್ನೂ ಹಾಕ್ಸಿ, ನಿಮ್ಮ ಲೇಖಕರಿಗೆ ಹತ್ತು ನಿಮಿಷದ ಕೆಲಸ, ಕ್ಯಾಲ್ಕುಲೇಟರ್ ಇದ್ರೆ ಐದು. ಇನ್ನೊಂದು, ರಕ್ತ ತೆಳು ಮಾಡೋ ಮಾತ್ರೆ ತಗೊಳೋರು, ಕಿಡ್ನಿ ತೊಂದ್ರೆ ಇರೋರು ಡಾಕ್ಟ್ರನ್ನ ಕೇಳದೆ ಆ ಜ್ಯೂಸ್ ಶುರು ಮಾಡ್ಬೇಡಿ ಅಂತ ಒಂದು ಸ್ಪಷ್ಟೀಕರಣ ಈ ವಾರದ ಆರೋಗ್ಯ ಪುಟದಲ್ಲೇ ಹಾಕಿ, ಮೊದಲಿನ ಬರಹ ಬಂದಷ್ಟೇ ದೊಡ್ಡ ಅಕ್ಷರದಲ್ಲಿ. ಈ ಪತ್ರ ಪೂರ್ತಿ ಹಾಕೋಕೆ ಆಗದಿದ್ರೂ ಬೇಜಾರಿಲ್ಲ, ಅದೊಂದು ಸ್ಪಷ್ಟೀಕರಣ ಬರ್ಲಿ.

ಇಂತಿ,
ನಿಮ್ಮ ಆರೋಗ್ಯ ಪುಟದ ಖಾಯಂ ಓದುಗ